ಸತ್ತಿಲ್ಲ ಸ್ವಾಮೀ, ಮುಚ್ಚಳ ಮುಚ್ಚಿಲ್ಲ ಅಷ್ಟೇ!

ನಾನಿರೋ ರಾಚೆಸ್ಟರ್, ಜೆರಾಕ್ಸ್ ಕಂಪನಿ ಬೆಳೆದ ಊರು. 1959ರಲ್ಲಿ ಅವರ 914 ಅನ್ನೋ ಯಂತ್ರ ಬಂದು ಆಫೀಸುಗಳ ಚಹರೆಯನ್ನೇ ಬದಲಾಯಿಸ್ತು. ನಮ್ಮ ಕಡೆ ಈಗಲೂ ಯಾವ ಕಂಪನಿಯ ಯಂತ್ರ ಆದ್ರೂ ಸರಿ, "ಎರಡು ಜೆರಾಕ್ಸ್ ಮಾಡಿಸ್ಕೊಂಡು ಬಾ" ಅಂತಾನೇ ಹೇಳೋದು. ಅಂಥ ಊರಲ್ಲಿ ಮೊನ್ನೆ ಒಂದು ನಕಲು ಯಂತ್ರವನ್ನ ಇನ್ನೂ ಜೀವ ಇರುವಾಗಲೇ ಗುಜರಿಗೆ ಕಳಿಸೋ ತೀರ್ಮಾನ ಆಗಿತ್ತು. ಅದರ ಕಥೆ ಇದು, ಜೊತೆಗೆ ನನ್ನದೊಂದು ತಕರಾರು.

ನಮ್ಮ ಭಾನುವಾರದ ಕನ್ನಡ ತರಗತಿ ನಡೆಯೋದು ಒಂದು ಸಮುದಾಯ ಭವನದಲ್ಲಿ. ಅದರ ಬೇಸ್‌ಮೆಂಟಿನಲ್ಲಿ ಇಪ್ಪತ್ತು ವರ್ಷ ದಾಟಿದ ಡಿಜಿಟಲ್ ಡೂಪ್ಲಿಕೇಟರ್ ಇದೆ. ಹೊರಗಿಂದ ನೋಡಿದ್ರೆ ಜೆರಾಕ್ಸ್ ಯಂತ್ರವೇ, ಒಳಗೆ ಮಾತ್ರ ನಮ್ಮ ಹಳೇ ಸೈಕ್ಲೋಸ್ಟೈಲಿನ ಮೊಮ್ಮಗ. ಮೂಲ ಹಾಳೆಯನ್ನ ಸ್ಕ್ಯಾನ್ ಮಾಡಿ, 'ಮಾಸ್ಟರ್' ಅನ್ನೋ ತೆಳು ಹಾಳೆಯಲ್ಲಿ ಥರ್ಮಲ್ ಹೆಡ್ಡಿನಿಂದ ಸಣ್ಣ ಸಣ್ಣ ತೂತು ಸುಡುತ್ತೆ. ಆ ಮಾಸ್ಟರ್ ಡ್ರಮ್ಮಿಗೆ ಸುತ್ತಿಕೊಳ್ಳುತ್ತೆ, ಡ್ರಮ್ಮಿನೊಳಗಿನ ಇಂಕು ತೂತುಗಳಿಂದ ಕಾಗದಕ್ಕೆ ಇಳಿಯುತ್ತೆ. ಟೋನರ್ ಕಾಯಿಸಿ ಅಂಟಿಸೋ ಕೆಲಸ ಇಲ್ಲದ್ದರಿಂದ ಕರೆಂಟೂ ಕಮ್ಮಿ. ಹತ್ತು ಪ್ರತಿ ಬೇಕಿದ್ರೆ ಲಾಭ ಇಲ್ಲ, ಇನ್ನೂರು ಬೇಕಿದ್ರೆ ಇದರಷ್ಟು ಅಗ್ಗದ್ದು ಸಿಗೋದು ಕಷ್ಟ. ನಮ್ಮ ಮಕ್ಕಳ ಕಾಗುಣಿತದ ಪುಸ್ತಕ, ಭವನದವರು ಬಡವರಿಗೆ ದಿನಸಿ ಹಂಚೋ ದಿನದ ಕರಪತ್ರ... ಎಲ್ಲಾ ಇದರಲ್ಲೇ.

ಈ ಮಹರಾಯ ಮೂರು ತಿಂಗಳಿಂದ ಹಟ ಹಿಡಿದಿದ್ದ. ಮುಚ್ಚಳ ಹಾಕಿದ್ರೂ 'ಕವರ್ ತೆರೆದಿದೆ' ಅನ್ನೋದು, ಒಳಗೆ ಚೂರು ಕಾಗದ ಇಲ್ಲದಿದ್ರೂ 'ಕಾಗದ ಸಿಕ್ಕಿಕೊಂಡಿದೆ' ಅನ್ನೋದು. ಹೇಗೋ ಓಡಿದ್ರೆ ಪ್ರತಿ ಹಾಳೆಯ ಮಧ್ಯೆ ಉದ್ದಕ್ಕೂ ಒಂದು ಬಿಳಿ ಗೆರೆ! ರಿಪೇರಿಗೆ ಬಂದವರು ಹತ್ತು ನಿಮಿಷ ನೋಡಿ, "ಪಾರ್ಟು ಬರ್ತಾ ಇಲ್ಲ, ಹೊಸ ಕಾಪಿಯರ್ ಬಾಡಿಗೆಗೆ ತಗೊಳ್ಳಿ" ಅಂದು ಹೋದ್ರು. ಬಾಡಿಗೆ ಯಂತ್ರ ಅಂದ್ರೆ ಹಾಳೆಗಿಷ್ಟು ಅಂತ ದುಡ್ಡು. ನಮ್ಮಂಥ ಪುಕ್ಕಟೆ ಗಿರಾಕಿಗಳಿಗೆ ಅಲ್ಲಿಗೆ ಮಂಗಳ. "ಒಂದು ಶನಿವಾರ ನನಗೆ ಕೊಡಿ" ಅಂತ ಕೇಳಿಕೊಂಡೆ.

ನನಗೆ ಈ ಧೈರ್ಯ ಬಂದಿದ್ದು ಇಂಜಿನಿಯರಿಂಗ್ ಓದಿನಿಂದಲ್ಲ. ಅಪ್ಪ ಮೇಷ್ಟ್ರಾಗಿದ್ದ ಶಾಲೆಯಲ್ಲಿ ಪ್ರಶ್ನೆಪತ್ರಿಕೆ ಸೈಕ್ಲೋಸ್ಟೈಲ್ ಮಾಡ್ತಿದ್ದ ಅಟೆಂಡರ್ ಒಬ್ಬರಿದ್ರು. ಯಂತ್ರ ಕೈಕೊಟ್ರೆ ಅವರು ಸ್ಕ್ರೂ ಬಿಚ್ಚುತ್ತಿರಲಿಲ್ಲ. ಮೊದಲು ಬಟ್ಟೆಯಿಂದ ಒರೆಸೋರು. ಆಮೇಲೆ ಹಿಡಿ ಹಿಡಿದು ನಿಧಾನಕ್ಕೆ ಒಂದು ಸುತ್ತು ತಿರುಗಿಸಿ ಕಿವಿಗೊಟ್ಟು ಕೇಳೋರು. ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ಕೈಗೇ ಗೊತ್ತಾಗೋದು.

ಅದನ್ನೇ ಮಾಡಿದೆ. ಪ್ಲಗ್ ಕಿತ್ತು (ಇದು ಮೊದಲನೇ ಕೆಲಸ, ಮರೀಬೇಡಿ), ಕೈಯಿಂದ ತಿರುಗಿಸಿ ನೋಡಿದೆ. ಕೈಗೇ ಬಿಗಿ ಅನ್ನಿಸಿದ್ರೆ ತೊಂದರೆ ಯಾಂತ್ರಿಕ. ಸಲೀಸಾಗಿ ತಿರುಗಿ, ಕರೆಂಟು ಕೊಟ್ಟಾಗ ಮಾತ್ರ ಅಲುಗದಿದ್ರೆ ಫ್ಯೂಸು, ಸ್ವಿಚ್ಚು, ಕನೆಕ್ಟರ್ ಕಡೆ ಹೋಗಬೇಕು. ನಮ್ಮದು ಸಲೀಸಾಗಿ ತಿರುಗಿತು.

ಮುಚ್ಚಳದ ಹತ್ತಿರ ಒಂದು ಪುಟ್ಟ ಸ್ವಿಚ್ ಇರುತ್ತೆ. ಮುಚ್ಚಿದಾಗ ಪ್ಲಾಸ್ಟಿಕ್ ನಾಲಿಗೆಯೊಂದು ಅದನ್ನ ಒತ್ತಬೇಕು. ಮಲ್ಟಿಮೀಟರ್ ಇಟ್ಟು ಬೆರಳಿಂದ ಒತ್ತಿದೆ, ಬೀಪ್ ಅಂತು. ಸ್ವಿಚ್ ಸರಿ ಇದೆ, ನಾಲಿಗೆಯೇ ಸವೆದು ಎರಡು ಮಿಲಿಮೀಟರ್ ಗಿಡ್ಡ ಆಗಿದೆ! ತೆಳು ಪ್ಲಾಸ್ಟಿಕ್ ತುಂಡೊಂದನ್ನ ಅಂಟಿಸಿದೆ. ಸ್ವಿಚ್ಚಿನ ವೈರನ್ನೇ ಜೋಡಿಸಿಬಿಡೋದು ಸುಲಭ, ಆದ್ರೆ ಆ ಸ್ವಿಚ್ ಇರೋದು ಯಾರದೋ ಬೆರಳು ಉಳಿಸೋಕೆ. ಹೋದ ಫ್ಯೂಸಿಗೆ ದಪ್ಪ ತಂತಿ ಸುತ್ತೋ ನಮ್ಮೂರಿನ ವಿದ್ಯೆಯೂ ಇಲ್ಲಿ ಬೇಡ. ಹಾಕಿದ ಫ್ಯೂಸ್ ಮತ್ತೆ ಹೋದ್ರೆ ಒಳಗೆ ಕಾರಣ ಇದೆ ಅಂತ ಅರ್ಥ.

ಸುಳ್ಳು 'ಜಾಮ್'ಗೆ ಕಾರಣ ಕಾಗದದ ಧೂಳು. ಕಾಗದ ಬಂತಾ ಹೋಯ್ತಾ ಅಂತ ಬೆಳಕಿನಿಂದ ನೋಡೋ ಸೆನ್ಸರ್ ಮೇಲೆ ಬೂದಿ ಹಾಗೆ ಕೂತಿತ್ತು. ಮೆತ್ತನೆ ಬ್ರಷ್ಷಿನಿಂದ ಗುಡಿಸಿದೆ. ಕಾಗದ ಎಳೆಯೋ ರಬ್ಬರ್ ರೋಲರ್ ಕನ್ನಡಿ ಹಾಗೆ ನುಣ್ಣಗಾಗಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿದ್ರೆ ಸದ್ಯಕ್ಕೆ ಹಿಡಿತ ಬಂತು.

ಬಿಳಿ ಗೆರೆಗೆ ಮೊದಲು ಹೊಸ ಮಾಸ್ಟರ್ ಮಾಡಿಸಿದೆ. ಗೆರೆ ಹೋಗಲಿಲ್ಲ, ಅಂದ್ರೆ ಮಾಸ್ಟರಿನ ಸುಕ್ಕಲ್ಲ. ಆಮೇಲೆ ಸ್ಕ್ಯಾನ್ ಇಲ್ಲದೆ ಯಂತ್ರದ್ದೇ ಟೆಸ್ಟ್ ಹಾಳೆ ತೆಗೆದೆ. ಅದರಲ್ಲೂ ಗೆರೆ, ಅಂದ್ರೆ ಸ್ಕ್ಯಾನರಿನ ಗಾಜಲ್ಲ. ಉಳಿದಿದ್ದು ಥರ್ಮಲ್ ಹೆಡ್. ಮತ್ತೆ ಪ್ಲಗ್ ಕಿತ್ತು, ಆಲ್ಕೋಹಾಲ್ ಹಚ್ಚಿದ ಮೆದು ಬಟ್ಟೆಯಿಂದ ಒರೆಸಿದೆ. ಗೆರೆ ಮಾಯ! ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ್ದನ್ನ ಪುಸ್ತಕದಲ್ಲಿ ಬರೆಯೋದು, ಇಷ್ಟೇ ಗುಟ್ಟು. ಟಾರ್ಚ್ ಹಿಡಿದು ನಿಂತಿದ್ದ ಆಫೀಸಿನ ಅಜ್ಜಿ ನಕ್ಕು, "ಇದನ್ನ ನನಗೂ ಯಾರೂ ಹೇಳಿಕೊಡಲಿಲ್ಲವಲ್ಲ" ಅಂದ್ರು.

ನನ್ನ ತಕರಾರು ಇರೋದೇ ಅಲ್ಲಿ. ಅವರಿಗೆ ಯಾಕೆ ಯಾರೂ ಹೇಳಿಕೊಡಲಿಲ್ಲ? ಯಂತ್ರದ ರಿಪೇರಿ ಪುಸ್ತಕ ಅವರ ಕೈಗೆ ಯಾಕೆ ಸಿಗಲಿಲ್ಲ? ನಮ್ಮ ನ್ಯೂಯಾರ್ಕ್ ರಾಜ್ಯದಲ್ಲಿ ರಿಪೇರಿ ಹಕ್ಕಿನ ಕಾಯಿದೆಗೆ 2022ರ ಡಿಸೆಂಬರಿನಲ್ಲಿ ಸಹಿ ಬಿತ್ತು, 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಫೋನು, ಲ್ಯಾಪ್‌ಟಾಪಿನಂಥವುಗಳ ಕೈಪಿಡಿ, ಬಿಡಿಭಾಗ, ಉಪಕರಣಗಳನ್ನ ಕಂಪನಿಗಳು ಜನಕ್ಕೂ ಕೊಡಬೇಕು ಅನ್ನುತ್ತೆ. ಸಂತೋಷ. ಆದ್ರೆ ಸಂಸ್ಥೆಗಳಿಗೆ ಅಂತಲೇ ಮಾರೋ ಸಾಮಾನಿಗೆ ವಿನಾಯಿತಿ ಇದೆ! ಜುಲೈ 2023ಕ್ಕಿಂತ ಹಳೆಯದಂತೂ ಲೆಕ್ಕಕ್ಕೇ ಇಲ್ಲ. ನಾಳೆ ಇಂಥದ್ದೇ ಹೊಸ ಡೂಪ್ಲಿಕೇಟರ್ ಕೊಂಡರೂ ಇದೇ ಪಾಡು. ಬಡ ಶಾಲೆ, ಭವನ, ದಿನಸಿ ಹಂಚೋರು ನಂಬಿಕೊಂಡಿರೋದೇ ಇಂಥ ಯಂತ್ರಗಳನ್ನ. ಹಕ್ಕು ಮೊದಲು ಬೇಕಾಗಿದ್ದು ಇವರಿಗಲ್ಲವೇ?

ಎಲ್ಲಾ ಹಳೇ ಯಂತ್ರವನ್ನೂ ಉಳಿಸಿಕೊಳ್ಳಿ ಅಂತ ನಾನು ಹೇಳ್ತಾ ಇಲ್ಲ. ನಾಳೆ ಥರ್ಮಲ್ ಹೆಡ್ ಸುಟ್ಟು, ಬದಲಿ ಸಿಗದಿದ್ರೆ ನಾನೇ ಕೈಮುಗಿದು ಕಳಿಸಿಕೊಡ್ತೀನಿ. ಕರೆಂಟಿನ ಕೆಲಸ ಗೊತ್ತಿಲ್ಲದೋರು ಪವರ್ ಸಪ್ಲೈ ಬಿಚ್ಚೋದೂ ಬೇಡ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರಬಹುದು. ಆದ್ರೆ ನಾಡಿ ಹಿಡಿಯದೇ ಸತ್ತಿದೆ ಅನ್ನೋದು ನ್ಯಾಯವಲ್ಲ.

ಕಳೆದ ಭಾನುವಾರ 'ಕ'ಯಿಂದ 'ಕಃ'ವರೆಗೆ ಇನ್ನೂರು ಹಾಳೆ ಗೆರೆಯಿಲ್ಲದೆ ಬಂತು. ಬಟನ್ ಒತ್ತಿದ್ದು ಅಜ್ಜಿ. ಪಕ್ಕದ ಗೋಡೆಗೆ ಈಗೊಂದು ಬಟ್ಟೆ, ಬ್ರಷ್ಷು, ನೋಟ್‌ಬುಕ್ ನೇತುಹಾಕಿದ್ದೀವಿ.

ನಿಮ್ಮ ಆಫೀಸಿನ ಮೂಲೆಯಲ್ಲೂ 'ಸತ್ತ' ಯಂತ್ರ ಯಾವುದಾದ್ರೂ ಇದೆಯಾ? ಗುಜರಿಯವನಿಗೆ ಫೋನ್ ಮಾಡೋಕೆ ಮುಂಚೆ ಒಂದು ಸಲ ಒರೆಸಿ ನೋಡಿ. ಏನಂತೀರಾ?