'ಬಾಕಿ' ಯಾರದ್ದು ಎಂದು ಟೂಲ್ ಹೇಳುವುದಿಲ್ಲ

ನಮ್ಮವರ ಅಂಗಡಿ ಲೆಕ್ಕ ಕಂಪ್ಯೂಟರಿಗೆ ಬಂದಾಯಿತು. ಈಗ ಅದನ್ನು ಎಐ ಏಜೆಂಟ್ ಓದಿ ಉತ್ತರ ಹೇಳುವ ಕಾಲ. ಡೇಟಾಬೇಸ್ ಟೇಬಲ್‌ನಲ್ಲಿ ಯಾವ ಯಾವ ಕಾಲಂ ಇದೆ ಎಂದು ನೋಡಲು ಏಜೆಂಟ್‌ಗೆ ಒಂದು ಟೂಲ್ ಕೊಟ್ಟಿರುತ್ತಾರೆ. ಅದನ್ನು ಹೇಗೆ ಬಳಸಬೇಕೆಂದು ತಿಳಿಯಲು ಏಜೆಂಟ್ ನೋಡುವುದು ಜೊತೆಗೆ ಬರೆದಿಟ್ಟ ವಿವರಣೆಯನ್ನು. ಹಾಗಾಗಿ ಟೂಲ್‌ಗಿಂತ ಮೊದಲು ವಿವರಣೆಯನ್ನೇ ಪರೀಕ್ಷಿಸಬೇಕು ಎನ್ನುವುದು ನನ್ನ ವಾದ.

ಎಸ್‌ಕ್ಯೂಲೈಟ್‌ನ 'ಟೇಬಲ್ ಇನ್ಫೋ' ಆದೇಶವನ್ನೇ ನೋಡಿ. ಪ್ರತಿ ಕಾಲಂಗೆ 6 ಸಂಗತಿ ಕೊಡುತ್ತದೆ: ಕ್ರಮಸಂಖ್ಯೆ, ಹೆಸರು, ಟೈಪ್, ಖಾಲಿ ಬಿಡಬಹುದೇ, ಡಿಫಾಲ್ಟ್, ಪ್ರೈಮರಿ ಕೀ. ಇಲ್ಲದ ಟೇಬಲ್‌ನ ಹೆಸರು ಕೊಟ್ಟರೆ ಎರರ್ ಬರುವುದಿಲ್ಲ, ಖಾಲಿ ಉತ್ತರ ಬರುತ್ತದೆ. ವಿವರಣೆಯಲ್ಲಿ ಇದನ್ನು ಬರೆಯದಿದ್ದರೆ ಆ ಖಾಲಿಗೆ ಏಜೆಂಟ್ ತನಗೆ ತೋಚಿದ ಅರ್ಥ ಹಚ್ಚಬಹುದು.

ಕೋವಾಡದ ನಮ್ಮ ಅಂಗಡಿಗೆ ಬರುವವರು ಹೆಚ್ಚಾಗಿ ಮರಾಠಿಯವರು. ಉಪ್ಪನ ಖಾತೆ ಪುಸ್ತಕದಲ್ಲಿ 'ಯೇಣೆ' ಬೇರೆ, 'ದೇಣೆ' ಬೇರೆ. ಟೇಬಲ್‌ನಲ್ಲಿ ಬರೀ 'ಬಾಕಿ' ಎಂದಿದ್ದರೆ? ಟೂಲ್ ಅದನ್ನು ಸಂಖ್ಯೆ ಎನ್ನುತ್ತದೆ, ಅಷ್ಟೆ. ಯಾರು ಯಾರಿಗೆ ಕೊಡಬೇಕು, ರೂಪಾಯಿಯೋ ಪೈಸೆಯೋ ಎಂದು ಹೇಳುವುದಿಲ್ಲ.

ಮೆಕ್ಯಾನಿಕಲ್ ಡ್ರಾಯಿಂಗ್‌ನಲ್ಲಿ ಯೂನಿಟ್, ಟಾಲರೆನ್ಸ್ ಬರೆಯದ ಅಳತೆಯನ್ನು ನಂಬಿ ಯಾರೂ ಲೋಹ ಕೊಯ್ಯುವುದಿಲ್ಲ. ಇಲ್ಲೂ ಹಾಗೆಯೇ. ಟೂಲ್ ಏನು ಕೊಡುತ್ತದೆ, ಏನು ಕೊಡುವುದಿಲ್ಲ, ತಪ್ಪಾದರೆ ಏನು ತೋರಿಸುತ್ತದೆ, ಯಾವಾಗ ಮಾಲೀಕನನ್ನೇ ಕೇಳಬೇಕು: ಈ ನಾಲ್ಕೂ ಇಲ್ಲದ ವಿವರಣೆಯನ್ನು ಪಾಸು ಮಾಡಬೇಡಿ.

ಸಾಫ್ಟ್‌ವೇರ್ ಕಲಿತ ನಮ್ಮ ಮಕ್ಕಳಿಗೆ ಇದು ಸಣ್ಣ ಕೆಲಸ. ಆದರೆ ಬಾಕಿ ಇಲ್ಲದ ಮನೆಗೆ ಬಾಕಿ ಕೇಳಲು ಹೋದರೆ, ಆ ಗಿರಾಕಿ ಮತ್ತೆ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ.