ಅಮ್ಮನನ್ನು ನೋಡಿಕೊಂಡ ತಪ್ಪಿಗೆ

"ಬೇರೆ ಮಕ್ಕಳಿರಲಿಲ್ವಾ?"

ಕಳೆದುಕೊಂಡ ಗ್ರೀನ್ ಕಾರ್ಡ್ ವಾಪಸ್ ಕೇಳೋಕೆ ಹೋಗಿದ್ದ ನನ್ನ ಅಕ್ಕನಿಗೆ ಸಂದರ್ಶನದ ಕಿಟಕಿಯಾಚೆಯಿಂದ ಬಂದ ಪ್ರಶ್ನೆ ಇದು. ಇದ್ರು ಸ್ವಾಮಿ. ನಾನಿದ್ದೆ. ಅಕ್ಕ ಸುಳ್ಳು ಹೇಳುವವಳಲ್ಲ, "ತಮ್ಮ ಇದಾನೆ, ಬೆಂಗಳೂರಲ್ಲಿ" ಅಂದಳು. ಅಲ್ಲಿಗೆ ಕಥೆ ಮುಗೀತು.

ಅಕ್ಕ ಟೆಕ್ಸಾಸಿನಲ್ಲಿ ನರ್ಸ್ ಆಗಿದ್ದಳು. 2016ರಲ್ಲಿ ಹಾಸನದಲ್ಲಿ ಅಮ್ಮನಿಗೆ ಲಕ್ವ ಹೊಡೀತು. ರಾತ್ರಿ ಫೋನ್ ಹೋಯ್ತು, ಮೂರನೇ ದಿನ ಬಂದಿಳಿದಳು. ಒಂದು ತಿಂಗಳು ಅಂತ ಬಂದವಳು ಮೂರು ವರ್ಷ ಉಳಿದಳು, ಅಮ್ಮ ಹೋಗೋವರೆಗೂ. ಅಷ್ಟೂ ದಿನ ಅಲ್ಲಿಗೆ ಟ್ಯಾಕ್ಸ್ ಲೆಕ್ಕ ಸಲ್ಲಿಸಿದಳು, ಬ್ಯಾಂಕ್ ಖಾತೆ ಉಳಿಸಿಕೊಂಡಳು, ಲೈಸೆನ್ಸ್ ನವೀಕರಿಸಿದಳು. ಬಿಟ್ಟು ಬರುವವರು ಇದನ್ನೆಲ್ಲ ಮಾಡ್ತಾರಾ?

ನಿಯಮ ಗೊತ್ತಿರಬೇಕಿತ್ತು ಅಂತೀರಿ. ಒಂದು ವರ್ಷ ದಾಟಿ ಹೊರಗಿದ್ದರೆ ಆ ಕಾರ್ಡು ತೋರಿಸಿ ಒಳಗೆ ಹೋಗುವಂತಿಲ್ಲ. ಹೊರಡುವ ಮುಂಚೆ ಮರುಪ್ರವೇಶ ಪರವಾನಗಿಗೆ ಅರ್ಜಿ ಹಾಕಿದ್ದರೆ ಎರಡು ವರ್ಷದ ತನಕ ರಕ್ಷಣೆ ಸಿಗುತ್ತೆ. ಆದರೆ ಆ ಅರ್ಜಿಯನ್ನು ಅಮೆರಿಕದೊಳಗೆ ಇದ್ದುಕೊಂಡೇ ಹಾಕಬೇಕು. ಅಮ್ಮ ಐಸಿಯುನಲ್ಲಿದ್ದಾಳೆ ಅಂತ ಸುದ್ದಿ ಬಂದಾಗ ಯಾರ್ರೀ ಫಾರಂ ತುಂಬ್ತಾ ಕೂರ್ತಾರೆ? ಹಾಕಿದ್ದರೂ ಮೂರನೇ ವರ್ಷಕ್ಕೆ ಅದು ಬರುತ್ತಿರಲಿಲ್ಲ.

ಉಳಿದ ದಾರಿ ಎಸ್‌ಬಿ-1 ಅನ್ನುವ ವೀಸಾ, ಮರಳಿ ಬರುವ ನಿವಾಸಿಗಳದ್ದು. ಅದಕ್ಕೆ ಡಿಎಸ್-117 ಅರ್ಜಿ, ನೂರಾ ಎಂಬತ್ತು ಡಾಲರ್ ಶುಲ್ಕ. ಹೊರಟಾಗಲೇ ವಾಪಸಾಗುವ ಉದ್ದೇಶವಿತ್ತು, ಆ ಉದ್ದೇಶ ಬಿಟ್ಟಿಲ್ಲ, ತಡವಾದದ್ದು ತನ್ನ ಕೈಮೀರಿದ ಕಾರಣಕ್ಕೆ ಅಂತ ಸಾಬೀತು ಮಾಡಬೇಕು.

ನನ್ನ ಜಗಳ ಇರೋದು ಈ "ಕೈಮೀರಿದ" ಅನ್ನೋ ಮಾತಿನ ಜತೆ. ಅಮೆರಿಕದ ವಿದೇಶಾಂಗ ಇಲಾಖೆಯೇ ಅದಕ್ಕೆ ಉದಾಹರಣೆ ಕೊಟ್ಟಿದೆ: ಅನಾರೋಗ್ಯದಿಂದ ಅಸಹಾಯಕರಾಗಿರುವುದು, ಅಮೆರಿಕದ ಕಂಪನಿಯ ನೌಕರಿ, ಅಮೆರಿಕನ್ ಪ್ರಜೆಯಾದ ಗಂಡನ ಅಥವಾ ಹೆಂಡತಿಯ ಜತೆ ಹೋಗಿರುವುದು, ಇತ್ಯಾದಿ. ಕಂಪನಿ ಕಳಿಸಿದರೆ ಅದು ಕೈಮೀರಿದ್ದು. ರಾಜೀನಾಮೆ ಕೊಟ್ಟು ಎದ್ದು ಬರಬಹುದಾದ ನೌಕರಿಯೂ ಕೈಮೀರಿದ್ದು! ಹೆತ್ತವಳಿಗೆ ದಿನಕ್ಕೆ ನಾಲ್ಕು ಸಲ ಮಗ್ಗುಲು ಬದಲಿಸೋದು ಮಾತ್ರ ಆ "ಇತ್ಯಾದಿ"ಯೊಳಗೆ ಜಾಗ ಹುಡುಕಬೇಕು. ಅಪರಿಚಿತರ ಅಮ್ಮಂದಿರನ್ನು ನೋಡಿಕೊಳ್ಳಲಿ ಅಂತಲೇ ಕಾರ್ಡು ಕೊಟ್ಟವರು, ತನ್ನಮ್ಮನನ್ನು ನೋಡಿಕೊಂಡದ್ದಕ್ಕೆ "ನಿವಾಸ ಪರಿತ್ಯಾಗ" ಅಂದರು.

ಗ್ರೀನ್ ಕಾರ್ಡ್ ಕೊಡೋದು ಅಲ್ಲಿ ಬಾಳೋಕೆ, ಬೀರುವಲ್ಲಿ ಇಡೋಕಲ್ಲ. ಒಪ್ಪಿದೆ. ನಮ್ಮವರಲ್ಲೇ "ಆರು ತಿಂಗಳಿಗೊಮ್ಮೆ ಮುಟ್ಟಿ ಬಂದ್ರಾಯ್ತು" ಅಂತ ಮದುವೆ ಮನೆಗಳಲ್ಲಿ ಉಪದೇಶ ಮಾಡುವ ಪಂಡಿತರಿದ್ದಾರೆ. ಅದೂ ಸರಿಯಲ್ಲ, ಉದ್ದೇಶ ಪರೀಕ್ಷೆ ಅವರಿಗೂ ಇದೆ. ಆದರೂ ಅಂಥವರಲ್ಲಿ ಎಷ್ಟೋ ಜನ ನಗುತ್ತಾ ದಾಟಿಹೋಗ್ತಾರೆ, ಹಾಸಿಗೆ ಪಕ್ಕ ಕೂತವಳು ಸಿಕ್ಕಿಬೀಳ್ತಾಳೆ.

ಕೆನಡಾ ನೋಡಿ. ಐದು ವರ್ಷದಲ್ಲಿ 730 ದಿನ ಇರಬೇಕು ಅಂತ ಲೆಕ್ಕ. ಲೆಕ್ಕ ತಪ್ಪಿದರೂ ಮಾನವೀಯ ಕಾರಣಗಳಿವೆಯೇ ಅಂತ ತೂಗಿ ನೋಡೋಕೆ ಕಾನೂನೇ ಅವಕಾಶ ಇಟ್ಟಿದೆ. ಅಲ್ಲೂ ಎಲ್ಲರಿಗೂ ಸಿಕ್ಕಿಬಿಡಲ್ಲ, ಆದರೆ ಆ ಪದವಾದರೂ ಪುಸ್ತಕದಲ್ಲಿದೆ.

"ಎರಡು ದೋಣಿ ಮೇಲೆ ಕಾಲಿಟ್ಟರೆ ಹೀಗೇ" ಅಂದರು ನಮ್ಮ ಬೀದಿಯ ಹಿರಿಯರೊಬ್ಬರು. ಅವರ ಇಬ್ಬರು ಮಕ್ಕಳೂ ಅಲ್ಲೇ ಇದ್ದಾರೆ. ಅವರು ಬಿದ್ದ ದಿನ ಯಾರು ಬರ್ತಾರೆ ಅಂತ ಕೇಳಬೇಕೆನಿಸಿತು, ಕೇಳಲಿಲ್ಲ.

ಹೊಸದಾಗಿ ಅರ್ಜಿ ಹಾಕು ಅಂತಾರೆ. ಅಮೆರಿಕನ್ ಪ್ರಜೆಯಾದ ಮಗನೋ ಮಗಳೋ ಇದ್ದರೆ ಅದು ಸುಲಭ. ಅಕ್ಕನಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ನೌಕರಿಯ ಸಾಲಿನಲ್ಲಿ ಭಾರತದವರು ಹತ್ತು ವರ್ಷಕ್ಕೂ ಹೆಚ್ಚು ಕಾಯಬೇಕು. ಅವಳಿಗೀಗ ಐವತ್ತೊಂದು.

ಸಂದರ್ಶನಕ್ಕೆ ಹೋಗುವಾಗ ಡಾಕ್ಟರ ಪತ್ರ, ಆಸ್ಪತ್ರೆ ಬಿಲ್ಲು ಎಲ್ಲ ಜೋಡಿಸಿಕೊಂಡಿದ್ದಳು. ನನ್ನಿಂದ ಮಾತ್ರ ಏನನ್ನೂ ಬರೆಸಿಕೊಳ್ಳಲಿಲ್ಲ. ಕೇಳಿದ್ದರೆ ಏನಂತ ಬರೀತಿದ್ದೆ? ನಾಲ್ಕು ಗಂಟೆ ದಾರಿಯಲ್ಲಿದ್ದೆ, ತಿಂಗಳಿಗೆ ಎರಡು ಭಾನುವಾರ ಹೋಗಿ ಬರ್ತಿದ್ದೆ, ನೋಡಿಕೊಳ್ಳಲಿಲ್ಲ ಅಂತ?