ಪಾಸು ಕೊಟ್ಟಾಯಿತು, ಬಸ್ ಹತ್ತುವುದು ಹೇಗೆ?



ವೀಲ್‌ಚೇರ್ ಬಳಸುವವರಿಗೆ ತಕ್ಕ ಬಸ್ಸು ಬೇಕೆಂದು ಯಾರಾದರೂ ಕೇಳಿದರೆ ‘ಅಂಥವರು ಬಸ್ಸಿಗೆ ಬರುವುದೇ ಅಪರೂಪ, ಅದಕ್ಕೆ ಇಷ್ಟೊಂದು ಖರ್ಚು ಏಕೆ’ ಎನ್ನುವವರಿದ್ದಾರೆ. ಹತ್ತಲಾಗದ ಬಸ್ಸಿಗೆ ಯಾರು ತಾನೇ ಬಂದಾರು?

ವರ್ಷಕ್ಕೆ 660 ರೂಪಾಯಿ ಕಟ್ಟಿದರೆ ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಯಲ್ಲಿ ಓಡಾಡುವ ರಿಯಾಯಿತಿ ಪಾಸನ್ನು ರಾಜ್ಯದ ವಿಕಲಚೇತನರಿಗೆ ಕೊಡಲಾಗುತ್ತದೆ. ಒಳ್ಳೆಯ ಯೋಜನೆಯೇ. ಆದರೆ ಸಾಮಾನ್ಯ ಕೆಂಪು ಬಸ್ಸಿನ ಬಾಗಿಲಲ್ಲಿ ಕಡಿದಾದ ಮೆಟ್ಟಿಲುಗಳಿವೆ. ಕುರ್ಚಿಯಲ್ಲಿ ಕುಳಿತವರನ್ನು ಇಬ್ಬರು ಎತ್ತಿಕೊಂಡೇ ಹತ್ತಿಸಬೇಕು. ಕುರ್ಚಿಯನ್ನು ಮಡಚಿ ಎಲ್ಲಿಡುವುದೆಂಬುದು ಇನ್ನೊಂದು ಪಾಡು. ಬ್ಯಾಟರಿ ಕುರ್ಚಿಯಾದರೆ ಎತ್ತುವ ಮಾತೇ ಇಲ್ಲ. 2023ರ ಜೂನ್ 11ರಿಂದ ಇಂಥ ಬಸ್‌ಗಳಲ್ಲಿ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತವಾಗಿದೆ. ಅಪರಿಚಿತರು ಕಂಕುಳಿಗೆ ಕೈಹಾಕಿ ಎತ್ತಿ ಕೂರಿಸಬೇಕಾದ ಹೆಣ್ಣುಮಗಳು ಶೂನ್ಯ ಟಿಕೆಟ್‌ಗಾಗಿ ಅದನ್ನು ಸಹಿಸಬೇಕೇ?

ಆಗದ ಕೆಲಸವೇನೂ ಅಲ್ಲ ಎಂಬುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿಯಿದೆ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ನಡುವೆ ಮೆಟ್ರೊ ಓಡಲು ಶುರುವಾದಾಗಲೇ ಲಿಫ್ಟ್ ಇತ್ತು, ಪ್ಲಾಟ್‌ಫಾರ್ಮ್‌ಗೂ ಬೋಗಿಗೂ ಮಟ್ಟ ಸರಿಯಿತ್ತು. ತೊಡಕು ಎದುರಾಗುವುದು ನಿಲ್ದಾಣದಿಂದ ಹೊರಬಿದ್ದ ಮೇಲೆ: ಒಡೆದ ಚಪ್ಪಡಿ, ಅಡ್ಡ ನಿಂತ ಬೈಕು, ಏರಲಾಗದ ಫುಟ್‌ಪಾತ್.

ಬಸ್ಸಿನ ಕಡೆಯಿಂದಲೂ ಏನೂ ಆಗಿಲ್ಲವೆಂದರೆ ಅನ್ಯಾಯವಾದೀತು. ಬಿಎಂಟಿಸಿಗೆ 921 ಲೋ ಫ್ಲೋರ್ ವಿದ್ಯುತ್ ಬಸ್ ಪೂರೈಸುವ ಗುತ್ತಿಗೆ 2022ರಲ್ಲಿ ಟಾಟಾ ಮೋಟರ್ಸ್‌ಗೆ ಸಿಕ್ಕಿತು. ಲೋ ಫ್ಲೋರ್ ಬಸ್ಸಿನ ಒಳನೆಲ ರಸ್ತೆಯಿಂದ ಸುಮಾರು 40 ಸೆಂ.ಮೀ. ಎತ್ತರದಲ್ಲಿರುತ್ತದೆ. ಬಸ್ಸು ಫುಟ್‌ಪಾತಿಗೆ ತಾಗಿ ನಿಂತರೆ ಬಾಗಿಲಲ್ಲಿ ಬಿಚ್ಚುವ ರ‍್ಯಾಂಪಿನ ಇಳಿಜಾರು ಹದವಾಗುತ್ತದೆ. ನಡುರಸ್ತೆಯಲ್ಲೇ ನಿಂತರೆ ಅದೇ ರ‍್ಯಾಂಪು ಗೋಡೆಯಂತೆ ಕಡಿದಾಗುತ್ತದೆ. ಒಬ್ಬರೇ ಚಕ್ರ ತಳ್ಳಿ ಏರಲಾಗದು. ಅಂದರೆ ಬಸ್ಸಿಗೆ ಸುರಿದ ದುಡ್ಡು ಸಾರ್ಥಕವಾಗಬೇಕಾದರೆ ತಂಗುದಾಣವೂ ಸರಿಯಿರಬೇಕು. ಬಸ್ಸು ಒಬ್ಬರ ಕೈಲಿ, ಫುಟ್‌ಪಾತ್ ಇನ್ನೊಬ್ಬರ ಕೈಲಿ. ಸಾಲದ್ದಕ್ಕೆ ಈ ಬಸ್‌ಗಳ ಚಾಲಕ ಗುತ್ತಿಗೆ ಕಂಪನಿಯವರು, ನಿರ್ವಾಹಕ ನಿಗಮದವರು. ಇಳಿದು ಬಂದು ರ‍್ಯಾಂಪ್ ಬಿಚ್ಚುವವರು ಯಾರು?

ಇದು ದಯೆ ಬೇಡುವ ವಿಚಾರವಲ್ಲ. ಸಾರಿಗೆ ಎಲ್ಲರಿಗೂ ಎಟುಕುವಂತಿರಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 41ನೇ ಸೆಕ್ಷನ್ ಹೇಳುತ್ತದೆ. ಅದರಡಿ ರೂಪಿಸಿದ ನಿಯಮ ಮಾತ್ರ ಇಂಥ ಮಾನದಂಡಗಳನ್ನು ಬರೀ ಸಲಹೆಯ ಮಟ್ಟಕ್ಕೆ ಇಳಿಸಿತ್ತು. ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಆ ನಿಯಮವನ್ನು ತಳ್ಳಿಹಾಕಿ, ಕಡ್ಡಾಯ ನಿಯಮಗಳನ್ನು ಮೂರು ತಿಂಗಳೊಳಗೆ ರೂಪಿಸುವಂತೆ ಕೇಂದ್ರಕ್ಕೆ ಹೇಳಿತು. ಚೆನ್ನೈನಲ್ಲಂತೂ ಹೋರಾಟಗಾರರು ಲೋ ಫ್ಲೋರ್ ಬಸ್ಸಿಗಾಗಿ ಮದ್ರಾಸ್ ಹೈಕೋರ್ಟ್ ಮೆಟ್ಟಿಲೇರಬೇಕಾಯಿತು. ಬೆಂಗಳೂರಿನವರೂ ಹಾಗೇ ಮಾಡಲೆಂದು ಇಲ್ಲಿನ ಆಡಳಿತ ಕಾಯಬೇಕೇ?

ಊರಿನ ಎಲ್ಲ ತಂಗುದಾಣಗಳೂ ಒಂದೇ ವರ್ಷದಲ್ಲಿ ಸರಿಹೋಗಲಿಕ್ಕಿಲ್ಲ. ನಿಮ್ಹಾನ್ಸ್, ವಿಕ್ಟೋರಿಯಾ, ಸಂಜಯ್ ಗಾಂಧಿ ಆಸ್ಪತ್ರೆಗಳ ಮುಂದಿನ ತಂಗುದಾಣಗಳಿಂದ ಆರಂಭಿಸಲಿ. ಅಲ್ಲಿಗೆ ಹೋಗುವ ಮಾರ್ಗಗಳಿಗೆ ಲೋ ಫ್ಲೋರ್ ಬಸ್‌ಗಳನ್ನೇ ಹಾಕಿ, ಅವುಗಳ ವೇಳಾಪಟ್ಟಿ ಪ್ರಕಟಿಸಲಿ. ರ‍್ಯಾಂಪ್ ಬಿಚ್ಚುವುದು ಯಾರ ಹೊಣೆ, ಬಿಚ್ಚದಿದ್ದರೆ ಯಾವ ಸಂಖ್ಯೆಗೆ ದೂರು ಕೊಡಬೇಕು ಎಂಬುದನ್ನು ಬಸ್ಸಿನ ಬಾಗಿಲ ಬಳಿಯೇ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಲಿ.

– ಓದುಗ, ಬೆಂಗಳೂರು